ಥರ್ಮಾಸಿನೊಳಗೆ ನಮ್ಮ ಕುಟುಂಬ

ಲಂಡನ್ನಿಗೆ ಹೋಗಿ ಬಂದವರೆಲ್ಲ ಅಲ್ಲಿನ ದೊಡ್ಡ ಗಡಿಯಾರದ ಬಗ್ಗೆ, ಅರಮನೆಯ ಕಾವಲುಗಾರರ ಟೊಪ್ಪಿಯ ಬಗ್ಗೆ ಬರೆದು ಆಗಿದೆ. ನಾನು ಗಡಿಯಾರವನ್ನು ಕಂಡದ್ದು ಬಸ್ಸಿನ ಕಿಟಕಿಯಿಂದ, ಮಂಜಿನಲ್ಲಿ ಅರ್ಧ. ಟೊಪ್ಪಿಗಳನ್ನು ಕಾಣಲೇ ಇಲ್ಲ. ನಾನು ಅಲ್ಲಿ ಹೆಚ್ಚು ಹೊತ್ತು ಕಳೆದದ್ದು ಒಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ನನ್ನ ಅಜ್ಜಿಯ ಅಜ್ಜಿಗೆ ಎಷ್ಟು ಮಂದಿ ಮಕ್ಕಳಿದ್ದರು ಎಂದು ಒಬ್ಬ ಇಂಗ್ಲಿಷ್ ಡಾಕ್ಟರಿಗೆ ವಿವರಿಸುತ್ತ. ಗಡಿಯಾರ ಬೇಕಾದವರು ದಯವಿಟ್ಟು ಬೇರೆಯವರ ಬರಹ ಓದಬೇಕು.

ಉರ್ವ: ಹೊರಡುವ ಮೊದಲು

ನಾನು ಮಂಗಳೂರಿನ ಉರ್ವದವನು, ಗೇರುಬೀಜ ರಫ್ತು ಮಾಡುವ ಕಂಪೆನಿಯೊಂದರಲ್ಲಿ ಬೀಜದ ದರ್ಜೆ ನೋಡುವವನು. ನಮ್ಮ ಬೀಜದ ಬಣ್ಣ ಸಾಲದು ಎಂದು ಲಂಡನ್ನಿನ ವ್ಯಾಪಾರಿಗಳು ತಕರಾರು ತೆಗೆದಾಗ, ಮಾದರಿಯ ಡಬ್ಬಿಗಳೊಂದಿಗೆ ನನ್ನನ್ನೇ ಕಳುಹಿಸುವುದೆಂದು ಯಜಮಾನರು ತೀರ್ಮಾನಿಸಿದರು. ಈ ಸುದ್ದಿ ಕೇಳಿ ನನಗಿಂತ ಮೊದಲು ಖುಷಿಪಟ್ಟವರು ಡಾಕ್ಟರ್ ಪಿಂಟೊ.

ಪಿಂಟೊ ನಮ್ಮೂರಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ನಿಗೆ ಮೊದಲು ರೋಗಿಗೆ ಪ್ರಜ್ಞೆ ತಪ್ಪಿಸುವ ಡಾಕ್ಟರ್. ಹಿಂದಿನ ವರ್ಷ ನನ್ನ ತಂಗಿ ವಸಂತಿಯ ಅಪೆಂಡಿಕ್ಸ್ ತೆಗೆದಾಗಲೂ ಅವರೇ ಇದ್ದರು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಅದು ಮುಗಿದ ಮೇಲೆ ಅವಳ ಉಸಿರು ಮರಳಲಿಲ್ಲ. ಪಿಂಟೊ ಊಟ ಬಿಟ್ಟು ಅವಳ ತಲೆಯ ಹತ್ತಿರ ಕುಳಿತು, ಕಪ್ಪು ರಬ್ಬರಿನ ಚೀಲವನ್ನು ಕೈಯಿಂದ ಒತ್ತಿ ಒತ್ತಿ ಸಂಜೆಯವರೆಗೆ ಅವಳ ಪರವಾಗಿ ಉಸಿರಾಡಿಸಿದರು. ದೀಪ ಹಚ್ಚುವ ಹೊತ್ತಿಗೆ ಅವಳ ಬೆರಳು ಅಲುಗಿತು, ಆಮೇಲೆ ಉಸಿರು ಬಂತು. ಅಮ್ಮ ಕದ್ರಿ ದೇವಸ್ಥಾನಕ್ಕೆ ಹೂವಿನ ಪೂಜೆ ಹೇಳಿಕೊಂಡಿದ್ದರು, ಅದನ್ನು ಆ ವಾರವೇ ತೀರಿಸಿದೆವು.

ಪಿಂಟೊ ಅಷ್ಟಕ್ಕೇ ಬಿಡಲಿಲ್ಲ. ಅಲ್ಲಿ ಇಲ್ಲಿ ಓದಿ, ತಾವು ಕಲಿತ ಇಂಗ್ಲೆಂಡಿಗೆ ಬರೆದು ವಿಚಾರಿಸಿದರು. ಒಂದು ದಿನ ನನ್ನನ್ನು ಕರೆದು ಹೇಳಿದರು:

"ನೋಡಿ, ನಾವು ಮೈ ಸಡಿಲ ಮಾಡ್ಲಿಕ್ಕೆ ಒಂದು ಇಂಜೆಕ್ಷನ್ ಕೊಡ್ತೇವೆ. ಉಸಿರು ನಿಲ್ತದೆ, ನಾಲ್ಕೈದು ನಿಮಿಷ ಮಾತ್ರ. ಆಮೇಲೆ ರಕ್ತದಲ್ಲಿ ಇರುವ ಒಂದು ವಸ್ತು ಅದನ್ನು ಮುರಿದು ಹಾಕ್ತದೆ. ಕೆಲವರ ರಕ್ತದಲ್ಲಿ ಆ ವಸ್ತುವಿಗೆ ಬಲ ಇಲ್ಲ. ಅದು ಹುಟ್ಟಿನಿಂದ ಬರುದು, ಕುಟುಂಬದಲ್ಲಿ ಬರುದು. ಲಂಡನ್ನಿನಲ್ಲಿ ಒಬ್ಬರು ರಕ್ತ ನೋಡಿ ಯಾರಿಗೆ ಆ ಇಂಜೆಕ್ಷನ್ ಕೊಡಬಾರದು ಅಂತ ಮೊದಲೇ ಹೇಳ್ತಾರಂತೆ. ನೀವು ಹೇಗೂ ಹೋಗ್ತೀರಿ, ಕುಟುಂಬದವರೆಲ್ಲರದ್ದು ತಗೊಂಡು ಹೋಗಿ. ಅಲ್ಲಿಯವರೆಗೆ ಕುಟುಂಬದಲ್ಲಿ ಯಾರಿಗೂ ಆಪರೇಷನ್ ಬೇಡ."

ಕುಟುಂಬ ಎಂದರೆ ಏನೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದನ್ನು ಕೇಳಿ ತಿಳಿಯುವ ಅಗತ್ಯ ಉರ್ವದಲ್ಲಿ ಯಾರಿಗೂ ಇಲ್ಲ. ನಮ್ಮದು ಅಳಿಯಕಟ್ಟಿನ ಮನೆ. ಅಮ್ಮ, ಅಮ್ಮನ ಅಣ್ಣ ಸಂಕಪ್ಪ ಮಾವ, ಚಿಕ್ಕಮ್ಮ, ಅಮ್ಮನ ಮಕ್ಕಳಾದ ನಾನು ಮತ್ತು ವಸಂತಿ, ಇದು ಕುಟುಂಬ. ನಮ್ಮೆಲ್ಲರದು ಒಂದೇ ಬರಿ, ಎಂದರೆ ಗೋತ್ರದ ಹಾಗೆ, ಆದರೆ ತಾಯಿಯಿಂದ ಮಕ್ಕಳಿಗೆ ಬರುವಂಥದ್ದು. ಅಪ್ಪನದು ಬೇರೆ ಬರಿ, ಅವರ ಕುಟುಂಬ ಹೊಳೆಯಾಚೆ ತೊಕ್ಕೊಟ್ಟಿನಲ್ಲಿ, ಅವರ ಅಕ್ಕನ ಮನೆಯಲ್ಲಿದೆ. ಆ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅಪ್ಪನಿಗೆ ಸೂತಕ, ನಮಗಿಲ್ಲ. ಹೆಂಚಿನ ಕಾರ್ಖಾನೆಯಲ್ಲಿ ರೈಟರ್ ಆಗಿದ್ದ ಅಪ್ಪ ನಲವತ್ತು ವರ್ಷ ನಮ್ಮ ಬೊಟ್ಟುಮನೆಯಲ್ಲೇ ಉಂಡು ಮಲಗಿ, ನಮ್ಮನ್ನು ಎತ್ತಿ ಆಡಿಸಿ, ಶಾಲೆಗೆ ಬಿಟ್ಟು, ಜ್ವರ ಬಂದಾಗ ತಲೆಯ ಹತ್ತಿರ ಕುಳಿತವರು. ಆದರೂ ದಾರಿಯಲ್ಲಿ ಯಾರಾದರೂ ನನ್ನನ್ನು ತೋರಿಸಿ "ಇವರು ಯಾರು?" ಎಂದು ಕೇಳಿದರೆ, ಅಪ್ಪ "ಉರ್ವದ ಬೊಟ್ಟುಮನೆಯವರು" ಎಂದೇ ಹೇಳುತ್ತಿದ್ದರು. ಅದು ಮರ್ಯಾದೆಯ ಉತ್ತರ.

ರಕ್ತ ಕೊಡುವ ದಿನ ಅಪ್ಪನೂ ಆಸ್ಪತ್ರೆಗೆ ಬಂದರು, ಎಲ್ಲರ ಕೊಡೆ ಹಿಡಿದುಕೊಳ್ಳಲಿಕ್ಕೆ. ಪಿಂಟೊ ಆಪರೇಷನ್ನಿನಲ್ಲಿದ್ದರು. ಹೇಗೂ ಲಂಡನ್ನಿಗೇ ಹೋಗುವ ನನ್ನನ್ನು ಬಿಟ್ಟು ನರ್ಸು ನಾಲ್ವರ ತೋಳಿನಿಂದ ರಕ್ತ ತೆಗೆದು, ಬೆಂಚಿನಲ್ಲಿ ಕುಳಿತಿದ್ದ ಅಪ್ಪನನ್ನು ನೋಡಿ, "ಇವರದ್ದು ಬೇಡವಾ?" ಎಂದು ಕೇಳಿದಳು.

"ಅವರಿಗೆ ಎಂತಕ್ಕೆ ಮಾರಾಯ್ತಿ? ಅವರು ನಮ್ಮ ಕುಟುಂಬದವರಲ್ಲ," ಎಂದರು ಅಮ್ಮ. ಅಪ್ಪನೂ ತಲೆಯಾಡಿಸಿದರು. ಈ ಮಾತಿನಲ್ಲಿ ಯಾರಿಗೂ ಯಾವ ನೋವೂ ಇರಲಿಲ್ಲ.

ಅಪ್ಪನಿಗೆ ಆಗಲೇ ಹರ್ನಿಯಾ ಇತ್ತು. ವಸಂತಿಯ ಅವಸ್ಥೆ ಕಂಡ ಮೇಲೆ ಅವರು ಆಪರೇಷನ್ ಎಂಬ ಮಾತನ್ನೇ ಬಿಟ್ಟು, ಹೊಟ್ಟೆಗೊಂದು ಬೆಲ್ಟ್ ಬಿಗಿದುಕೊಂಡು ಓಡಾಡುತ್ತಿದ್ದರು. ಈಗ ಅಮ್ಮನಿಗೆ ಧೈರ್ಯ ಬಂತು. "ಪಿಂಟೊ ಬೇಡ ಹೇಳಿದ್ದು ನಮ್ಮ ಕುಟುಂಬಕ್ಕೆ. ನಿಮ್ಮದು ಬೇರೆ ಅಲ್ವಾ? ನಿಮಗೆ ಎಂತ ಹೆದರಿಕೆ?" ಎಂದರು. ತೊಕ್ಕೊಟ್ಟಿನಿಂದ ಅಪ್ಪನ ಅಳಿಯ, ಎಂದರೆ ಅವರ ಅಕ್ಕನ ಮಗ, ಬಂದು ಬೇರೊಂದು ಆಸ್ಪತ್ರೆಯಲ್ಲಿ ವ್ಯವಸ್ಥೆ ಮಾಡಿದ. ಷಷ್ಠಿ ಕಳೆದ ಮೇಲಿನ ಬುಧವಾರ ಎಂದು ನಿಶ್ಚಯವಾಯಿತು. ಆಗ ನಾನು ಊರಿನಲ್ಲಿರುವುದಿಲ್ಲ ಎಂಬುದೊಂದೇ ಅಪ್ಪನಿಗೆ ಕಸಿವಿಸಿ.

"ನೀನು ಬರುವಾಗ ನಾನು ಈ ಬೆಲ್ಟ್ ಬಿಸಾಡಿ ಆಗಿರ್ತದೆ," ಎಂದು ನಗುತ್ತಲೇ ಹೇಳಿದರು. ನಗು ಅಷ್ಟು ಚೆನ್ನಾಗಿ ಬರಲಿಲ್ಲ.

ಬಜ್ಪೆಯಿಂದ ಮೇಲಕ್ಕೆ

ನರ್ಸು ರಕ್ತವನ್ನು ಹಾಗೇ ಕೊಡಲಿಲ್ಲ. ಅದು ಹೆಪ್ಪುಗಟ್ಟಿದ ನಂತರ ಮೇಲೆ ನಿಂತ ತಿಳಿಯನ್ನು, ಬಿಸಿ ತುಪ್ಪದ ಬಣ್ಣದ ನೀರನ್ನು, ಪುಟ್ಟ ಪುಟ್ಟ ಬಾಟಲಿಗಳಿಗೆ ತುಂಬಿ ಹೆಸರಂಟಿಸಿದ್ದಳು. ಅದನ್ನು ತಣ್ಣಗೆ ಒಯ್ಯಬೇಕು. ಮಂಗಳೂರಿನಲ್ಲಿ ಐಸ್ ಬೇಕೆಂದರೆ ಬಂದರಿನಲ್ಲಿ ಮೀನಿನ ದೋಣಿಗಳು ನಿಲ್ಲುವ ದಕ್ಕೆಗೇ ಹೋಗಬೇಕು. ಅಲ್ಲಿ ಬುಟ್ಟಿಗಟ್ಟಲೆ ಬಂಗುಡೆ ಮೀನಿನ ಪಕ್ಕದಲ್ಲಿ ಒಡೆದ ಐಸನ್ನು ನಮ್ಮ ಅಗಲ ಬಾಯಿಯ ಥರ್ಮಾಸಿಗೆ ತುಂಬಿಸಿಕೊಂಡು ಬಂದೆ. ಬಜ್ಪೆಯಲ್ಲಿ ಬೊಂಬಾಯಿಯ ವಿಮಾನ ಏರಿದಾಗ ನನ್ನ ಪಕ್ಕದವರು ಮೂಗಿಗೆ ಕರವಸ್ತ್ರ ಹಿಡಿದರು. ನಾನೂ ಹಿಡಿದೆ, ವಾಸನೆ ಬೇರೆ ಯಾರದೋ ಎಂಬಂತೆ.

ಬೊಂಬಾಯಿಯಿಂದ ದೊಡ್ಡ ವಿಮಾನ. ನಾನು ಥರ್ಮಾಸನ್ನು ತೊಡೆಯ ಮೇಲೆ ಇಟ್ಟುಕೊಂಡು ತೂಕಡಿಸಿದೆ. ಎಚ್ಚರವಾಗುವಾಗ ಅದು ಅಲ್ಲಿರಲಿಲ್ಲ. ನೋಡಿದರೆ ಗಗನಸಖಿ ಅದನ್ನು ಎತ್ತಿಕೊಂಡು, ಮುಚ್ಚಳ ತೆಗೆದು, ಇನ್ನೊಂದು ಕೈಯಲ್ಲಿ ಕಾಫಿಯ ಹೂಜಿ ಹಿಡಿದು ನಿಂತಿದ್ದಳು. ಖಾಲಿಯಾಗಿರಬಹುದು, ತುಂಬಿಸಿ ಕೊಡೋಣ ಎಂಬ ಒಳ್ಳೆಯ ಮನಸ್ಸು ಅವಳದು. ನಾನು ಎದ್ದು ಅವಳ ಕೈ ಹಿಡಿದೆ. ವಿಷಯ ತಿಳಿದ ಮೇಲೆ ಅವಳು ಬಿಳಿಚಿಕೊಂಡರೂ, ಲಂಡನ್ನಿನವರೆಗೆ ಪ್ರತಿ ನಿಲ್ದಾಣದಲ್ಲೂ ಹೊಸ ಐಸ್ ತಂದು ತುಂಬಿದಳು. ಬೈರೂತಿನಲ್ಲಿ ಇಳಿದ ಪ್ರಯಾಣಿಕರಿಗೆ ತಂಪು ಪಾನೀಯ ಐಸಿಲ್ಲದೆ ಸಿಕ್ಕಿದ್ದಕ್ಕೆ ನಾವೇ ಕಾರಣವಿರಬಹುದು.

ಲಂಡನ್ನಿನ ಸುಂಕದ ಕಟ್ಟೆಯಲ್ಲಿ ಅಧಿಕಾರಿ ಗೇರುಬೀಜದ ಡಬ್ಬಿಗಳನ್ನು ತಿರುಗಿಸಿ ನೋಡಿ ಬಿಟ್ಟ. ಆಮೇಲೆ ಥರ್ಮಾಸಿನ ಕಡೆ ಬೆರಳು ತೋರಿಸಿ, "ಇದರಲ್ಲಿ ಏನಿದೆ?" ಎಂದ.

ನನ್ನ ಇಂಗ್ಲಿಷ್ ಆ ಹೊತ್ತಿಗೆ ದಣಿದಿತ್ತು. "ನನ್ನ ಕುಟುಂಬ," ಎಂದೆ.

ಅವನು ಪಿಂಟೊ ಅವರ ಪತ್ರ ಓದಿದ, ಒಳಗೆ ಬಗ್ಗಿ ನೋಡಿದ, ವಾಸನೆಗೆ ಹಿಂದೆ ಸರಿದ. "ಕುಟುಂಬಕ್ಕೆ ಸ್ವಾಗತ," ಎಂದು ಗಂಭೀರವಾಗಿ ಹೇಳಿ ಸೀಮೆಸುಣ್ಣದಿಂದ ಗುರುತು ಹಾಕಿ ಬಿಟ್ಟುಬಿಟ್ಟ.

ಲಂಡನ್: ಕಿಟಕಿಯಾಚೆಯ ಹಾಲು

ನಾನು ಉಳಿದುಕೊಂಡದ್ದು ಮಿಸೆಸ್ ಡಾಬ್ಸನ್ ಎಂಬ ವಿಧವೆಯ ಮನೆಯಲ್ಲಿ. ಅವರಲ್ಲಿ ಐಸ್ ಪೆಟ್ಟಿಗೆ ಇರಲಿಲ್ಲ. ನಾನು ಗಾಬರಿಯಾದಾಗ ಅವರು ಕಿಟಕಿ ತೆರೆದು ತೋರಿಸಿದರು. ಹೊರಗಿನ ಕಟ್ಟೆಯ ಮೇಲೆ ಅವರ ಹಾಲು, ಬೆಣ್ಣೆ, ಒಂದು ಮೀನಿನ ತುಂಡು ಸಾಲಾಗಿ ಕುಳಿತಿದ್ದವು. ಡಿಸೆಂಬರಿನಲ್ಲಿ ಆ ಊರಿಗೆ ಊರೇ ಐಸ್ ಪೆಟ್ಟಿಗೆ. ನಮ್ಮ ಸಂಕಪ್ಪ ಮಾವ, ಬೊಟ್ಟುಮನೆಯ ಯಜಮಾನರು, ಹಾಲಿನ ಬಾಟಲಿಯ ಪಕ್ಕದಲ್ಲಿ ಒಂದು ರಾತ್ರಿ ಕಳೆದರು.

ಆ ಊರಿನವರ ಒಂದು ಗುಣ ನನಗೆ ಅರ್ಥವೇ ಆಗಲಿಲ್ಲ. ಬಸ್ಸಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿ ಕುಳಿತರೂ ಒಬ್ಬರೂ ಮಾತಾಡುವುದಿಲ್ಲ. ನಮ್ಮಲ್ಲಾದರೆ ಉರ್ವದಿಂದ ಪೇಟೆಯ ಸ್ಟೇಟ್ ಬ್ಯಾಂಕ್ ನಿಲ್ದಾಣಕ್ಕೆ ಬಸ್ಸು ತಲುಪುವಷ್ಟರಲ್ಲಿ ನಿಮ್ಮ ಮನೆ ಯಾವುದು, ತಾಯಿ ಯಾರು, ಮಾವ ಯಾರು, ಮದುವೆ ಆಗಿದೆಯೇ, ಆಗದಿದ್ದರೆ ಯಾಕೆ, ಎಲ್ಲ ವಿಚಾರಣೆ ಮುಗಿದಿರುತ್ತದೆ. ಮಿಸೆಸ್ ಡಾಬ್ಸನ್ನರಿಗೆ ಹತ್ತು ವರ್ಷದಿಂದ ಇರುವ ಪಕ್ಕದ ಮನೆಯವರ ಹೆಸರು ಗೊತ್ತಿರಲಿಲ್ಲ. "ಕೇಳುವುದು ಸರಿಯಲ್ಲ," ಎಂದರು. ನನಗೆ ಅವರ ಮೇಲೆ ಸ್ವಲ್ಪ ಕನಿಕರವಾಯಿತು.

ಗೇರುಬೀಜದ ತಕರಾರು ಎರಡೇ ಸಭೆಯಲ್ಲಿ ಬಗೆಹರಿಯಿತು. ವ್ಯಾಪಾರಿಗಳು ನಮ್ಮ ಬೀಜವನ್ನು ಮಂಜಿನ ಬೆಳಕಿನಲ್ಲಿ ನೋಡುತ್ತಿದ್ದರು. ಆ ಬೆಳಕಿನಲ್ಲಿ ನನ್ನ ಬಿಳಿ ಅಂಗಿಯೂ ಬೂದಿಯಾಗಿ ಕಾಣುತ್ತಿತ್ತು. ದೀಪದಡಿ ಹಿಡಿದು ತೋರಿಸಿದೆ, ಒಪ್ಪಿಕೊಂಡರು.

ಲಂಡನ್: ನೆಲಮಾಳಿಗೆ

ಬಾಟಲಿಗಳನ್ನು ನಾನು ಬಂದ ಮರುದಿನವೇ ಆಸ್ಪತ್ರೆಗೆ ಒಪ್ಪಿಸಿದ್ದೆ. ಡಾಕ್ಟರ್ ಹಾರ್ಟ್ಲಿ ನೆಲಮಾಳಿಗೆಯಲ್ಲಿ, ಗಾಜಿನ ಕೊಳವೆಗಳ ನಡುವೆ ಕೆಲಸ ಮಾಡುವವರು. ಸ್ವೆಟರಿನ ಮೊಣಕೈ ಹರಿದಿತ್ತು. ಅವರು ನನ್ನ ತೋಳಿನಿಂದಲೂ ಒಂದಿಷ್ಟು ರಕ್ತ ಎಳೆದುಕೊಂಡು, ಸೋಮವಾರ ಬರಲು ಹೇಳಿದರು.

ಸೋಮವಾರ ಹೋದಾಗ ಅವರು ಬಹಳ ಉತ್ಸಾಹದಲ್ಲಿದ್ದರು. ನನ್ನನ್ನು ಕೂರಿಸಿ, ಎದುರಿಗೆ ದೊಡ್ಡದೊಂದು ಹಾಳೆ ಹರಡಿ, ಹೆಂಗಸರಿಗೆ ವೃತ್ತ, ಗಂಡಸರಿಗೆ ಚೌಕ ಎಂದು ಹೇಳಿ, ನಮ್ಮ ವಂಶ ಬರೆಯಲು ಶುರುಮಾಡಿದರು. ಅಜ್ಜಿ ಯಾರು, ಅವಳ ಅಕ್ಕತಂಗಿಯರು ಯಾರು, ಯಾರು ಎಲ್ಲಿ ಹೋದರು ಎಂದು ಕೇಳುತ್ತ ಹೋದರು. ಲಂಡನ್ನಿಗೆ ಬಂದಮೇಲೆ ನನ್ನನ್ನು ಮನುಷ್ಯರಂತೆ ವಿಚಾರಿಸಿದ ಮೊದಲ ವ್ಯಕ್ತಿ ಅವರು. ನನಗೆ ಊರಿನ ಬಸ್ಸಿನಲ್ಲಿ ಕುಳಿತಷ್ಟು ಸಂತೋಷವಾಯಿತು. ಬೊಟ್ಟುಮನೆಯ ಐದು ತಲೆಮಾರನ್ನು ಒಂದೂ ತಪ್ಪದೆ ಹೇಳಿದೆ. ಹಾಳೆ ತುಂಬ ವೃತ್ತಗಳು, ಅವುಗಳ ಪಕ್ಕದಲ್ಲಿ ಅಣ್ಣತಮ್ಮಂದಿರ ಚೌಕಗಳು.

ಹಾರ್ಟ್ಲಿ ಪೆನ್ಸಿಲ್ ಕೆಳಗಿಟ್ಟು ಹಾಳೆಯನ್ನು ದೂರ ಹಿಡಿದು ನೋಡಿದರು. "ಈ ಹೆಂಗಸರೆಲ್ಲ ಮಕ್ಕಳನ್ನು ಪಡೆದದ್ದು ಹೇಗೆ?" ಎಂದು ಕೇಳಿದರು. "ಇಲ್ಲಿ ಒಬ್ಬ ಗಂಡನೂ ಇಲ್ಲವಲ್ಲ."

"ಗಂಡಂದಿರು ಇದ್ದರು," ಎಂದೆ. "ಆದರೆ ಅವರು ಅವರವರ ಕುಟುಂಬದವರು."

"ನಿಮ್ಮ ತಂದೆ?"

"ಅವರೂ ಅಷ್ಟೇ. ನಮ್ಮ ಮನೆಯಲ್ಲೇ ಇದ್ದಾರೆ. ತುಂಬ ಒಳ್ಳೆಯವರು. ಆದರೆ ನಮ್ಮ ಕುಟುಂಬದವರಲ್ಲ."

ಹಾರ್ಟ್ಲಿ ಪೆನ್ಸಿಲನ್ನು ಮತ್ತೆ ಎತ್ತಿಕೊಂಡರು. ಆಮೇಲೆ ತಾಳ್ಮೆಯಿಂದ ಹೇಳಿದರು. ಮದ್ದನ್ನು ಮುರಿಯುವ ಆ ವಸ್ತುವಿನ ವಿಷಯದಲ್ಲಿ ಪ್ರತಿಯೊಬ್ಬರಿಗೂ ಎರಡು ಪಾಲು ಇರುತ್ತದೆ. ಒಂದು ತಾಯಿಯಿಂದ, ಒಂದು ತಂದೆಯಿಂದ. ಸಂಕಪ್ಪ ಮಾವನ ಎರಡು ಪಾಲೂ ಗಟ್ಟಿ. ಚಿಕ್ಕಮ್ಮನದೂ ಹಾಗೆಯೇ. ನನ್ನ ಅಮ್ಮನದು ಒಂದು ಗಟ್ಟಿ, ಒಂದು ದುರ್ಬಲ. ನನ್ನದೂ ಅಮ್ಮನಂತೆಯೇ. ಒಂದು ಪಾಲು ಗಟ್ಟಿಯಿದ್ದರೆ ಸಾಮಾನ್ಯವಾಗಿ ಭಯವಿಲ್ಲ. ಆದರೆ ವಸಂತಿಯ ಎರಡು ಪಾಲೂ ದುರ್ಬಲ.

"ಒಂದು ದುರ್ಬಲ ಪಾಲನ್ನು ಅವಳಿಗೆ ನಿಮ್ಮ ತಾಯಿ ಕೊಟ್ಟರು," ಎಂದರು. "ಇನ್ನೊಂದನ್ನು ಕೊಟ್ಟವರು ಯಾರು?"

ಗೇರುಬೀಜವನ್ನು ಒಂದೇ ನೋಟಕ್ಕೆ ಹನ್ನೆರಡು ದರ್ಜೆಯಾಗಿ ವಿಂಗಡಿಸುವವನಿಗೆ ಇಷ್ಟು ಸರಳ ಲೆಕ್ಕ ಹೊಳೆದಿರಲಿಲ್ಲ.

"ಅಪ್ಪ," ಎಂದೆ. "ಹಾಗಾದರೆ ಅಪ್ಪನಿಗೂ ಆ ಮದ್ದು ಆಗುವುದಿಲ್ಲವೇ?"

"ಅವರಲ್ಲಿ ಒಂದು ದುರ್ಬಲ ಪಾಲು ಖಂಡಿತ ಇದೆ. ಎರಡೂ ದುರ್ಬಲವೋ ಎಂದು ರಕ್ತ ನೋಡದೆ ಹೇಳಲಾರೆ. ಅವಸರವೇನಿಲ್ಲ, ಮುಂದೆ ಎಂದಾದರೂ ಆಪರೇಷನ್ ಆಗುವುದಿದ್ದರೆ ಮಾತ್ರ—"

"ನಾಡಿದ್ದು ಬುಧವಾರ," ಎಂದೆ.

ಹಾರ್ಟ್ಲಿ ನನ್ನ ಕೋಟನ್ನು ತಾವೇ ತಂದು ಕೊಟ್ಟರು. ಅಂಚೆ ಕಚೇರಿಗೆ ದಾರಿ ತೋರಿಸಲು ಮಳೆಯಲ್ಲಿ ಬರಿತಲೆಯಲ್ಲೇ ಬೀದಿಯವರೆಗೆ ಬಂದರು.

ಅಂಚೆ ಕಚೇರಿಯ ಕಿಟಕಿ

ತಂತಿಯಲ್ಲಿ ಏನು ಬರೆಯುವುದು? ‘ಆಪರೇಷನ್ ನಿಲ್ಲಿಸಿ’ ಎಂದಷ್ಟೇ ಬರೆದರೆ ಅಮ್ಮ ನಿಲ್ಲಿಸುವವರಲ್ಲ. ಕುಟುಂಬದ ರಕ್ತದಲ್ಲಿ ಏನೋ ಸಿಕ್ಕಿರಬೇಕು, ಅದು ನಮಗೆ, ಅವರಿಗೇನು ಎನ್ನುತ್ತಾರೆ. ಪಾಲು, ಗಟ್ಟಿ, ದುರ್ಬಲ ಎಂದೆಲ್ಲ ತಂತಿಯಲ್ಲಿ ಬರೆಯಲು ಆಗುವುದಿಲ್ಲ. ಅಮ್ಮನ ವಾದಕ್ಕೆ ಅಲ್ಲೇ ಉತ್ತರ ಇರಬೇಕು. ಎರಡು ಕಾಗದ ಹರಿದು ಮೂರನೆಯದರಲ್ಲಿ ಇಂಗ್ಲಿಷಿನಲ್ಲಿ ಬರೆದೆ: ‘ಅಪ್ಪನೂ ಕುಟುಂಬ. ಆಪರೇಷನ್ ನಿಲ್ಲಿಸಿ. ಪಿಂಟೊಗೆ ತಿಳಿಸಿ.’

ಕಿಟಕಿಯ ಹಿಂದಿದ್ದ ನಡುವಯಸ್ಸಿನ ಹೆಂಗಸು ಅದನ್ನು ಓದಿ, ಮೊದಲ ವಾಕ್ಯದ ಮೇಲೆ ಪೆನ್ಸಿಲ್ ಇಟ್ಟು, "ಇದು ಬೇಕೇ ಬೇಕೇ? ಪದಕ್ಕಿಷ್ಟೆಂದು ದುಡ್ಡು. ಇಲ್ಲದಿದ್ದರೂ ನಡೆಯುತ್ತದೆ. ಇದು ಎಲ್ಲರಿಗೂ ಗೊತ್ತಿರುವ ವಿಷಯವಲ್ಲವೇ?" ಎಂದಳು.

"ನಮ್ಮಲ್ಲಿ ಇದು ಹೊಸ ಸುದ್ದಿ," ಎಂದೆ.

ಅವಳು ಮತ್ತೇನೂ ಕೇಳದೆ ಕಳುಹಿಸಿದಳು. ಆ ಊರಿನವರು ಏನನ್ನೂ ಕೇಳದಿರುವುದರ ಬೆಲೆ ನನಗೆ ಆಗ ತಿಳಿಯಿತು.

ಮಂಗಳವಾರ ಉತ್ತರವಿಲ್ಲ. ಬುಧವಾರ ಬೆಳಿಗ್ಗೆ ತಿಂಡಿಗೆ ಕುಳಿತೆ. ಊರಿನಲ್ಲಿ ಆಗಲೇ ಮಧ್ಯಾಹ್ನ. ಅಪ್ಪ ಬೆಲ್ಟ್ ಬಿಚ್ಚಿಟ್ಟು, ನಗಲು ಪ್ರಯತ್ನಿಸುತ್ತ ಮೇಜಿನ ಮೇಲೆ ಮಲಗಿರುವುದು ಕಣ್ಣಿಗೆ ಕಟ್ಟಿತು. ಅಲ್ಲಿ ರಬ್ಬರ್ ಚೀಲ ಹಿಡಿದು ಕೂರಲು ಪಿಂಟೊ ಇಲ್ಲ. ನನಗೆ ಅಳು ಬಂತು. ಮಿಸೆಸ್ ಡಾಬ್ಸನ್ ಕೇಳುವುದು ಸರಿಯಲ್ಲವೆಂಬ ನಿಯಮ ಮುರಿದು ಏನಾಯಿತೆಂದು ಕೇಳಿದರು. ಎಲ್ಲ ಹೇಳಿದೆ. ಅವರು ಚಹಾ ಮಾಡಿ, ತಂತಿಯವನು ಬಂದರೆ ತಪ್ಪಿಹೋಗಬಾರದೆಂದು ನನ್ನೊಂದಿಗೆ ಬಾಗಿಲ ಬಳಿಯೇ ಕುರ್ಚಿ ಹಾಕಿ ಕುಳಿತರು. ಅವನು ಬಂದಾಗ ಓಡಿಹೋಗಿ ಪಡೆದುಕೊಂಡವರೂ ಅವರೇ. ‘ನಿಲ್ಲಿಸಿದೆ. ರಕ್ತ ಬರುತ್ತಿದೆ. ಪಿಂಟೊ.’ ಮಿಸೆಸ್ ಡಾಬ್ಸನ್ ನನ್ನನ್ನು ಅಪ್ಪಿಕೊಂಡು, ತಕ್ಷಣ ನಾಚಿಕೊಂಡು, ಹವೆಯ ಬಗ್ಗೆ ಮಾತಾಡಿದರು.

ಅಪ್ಪನ ಬಾಟಲಿಯನ್ನು ತಂದವಳು ಪಿಂಟೊ ಅವರ ಅಕ್ಕನ ಮಗಳು. ಅವಳು ಲಂಡನ್ನಿನ ಆಸ್ಪತ್ರೆಯೊಂದಕ್ಕೆ ನರ್ಸಾಗಿ ಬರುತ್ತಿದ್ದಳು. ಹಾರ್ಟ್ಲಿ ಅವಳ ಥರ್ಮಾಸಿನ ಮುಚ್ಚಳ ತೆಗೆದು ಮೂಸಿ, "ಹೌದು, ಇದು ಮಂಗಳೂರಿನಿಂದಲೇ ಬಂದದ್ದು," ಎಂದರು. ಮರುದಿನ ಸಂಜೆ ಅವರು ಹಾಳೆಯ ಮೇಲೆ ಅಮ್ಮನ ವೃತ್ತದ ಪಕ್ಕ ಒಂದು ಚೌಕ ಬರೆದು, ಅದನ್ನು ಪೂರ್ತಿ ಕಪ್ಪು ಮಾಡಿದರು. ಎರಡು ಪಾಲೂ ದುರ್ಬಲ, ವಸಂತಿಯಂತೆಯೇ. ಆ ಒಂದು ಮದ್ದು ಬಿಟ್ಟು ಬೇರೆ ಮದ್ದಿನಲ್ಲಿ ಧೈರ್ಯವಾಗಿ ಆಪರೇಷನ್ ಮಾಡಬಹುದು ಎಂದು ಹೇಳಿ, ಅಪ್ಪನಿಗೂ ವಸಂತಿಗೂ ಅದನ್ನೇ ಒಂದೊಂದು ಕಾರ್ಡಿನಲ್ಲಿ ಬರೆದುಕೊಟ್ಟರು.

ಮತ್ತೆ ಉರ್ವ

ಮನೆಗೆ ಬಂದ ದಿನ ಎಲ್ಲರೂ ಜಗಲಿಯಲ್ಲಿ ಸೇರಿದರು. ನಾನು ಹಾರ್ಟ್ಲಿಯವರು ಹೇಳಿದ್ದನ್ನು ಹೇಳಿ ಕಾರ್ಡುಗಳನ್ನು ಹಂಚಿದೆ. ಅಪ್ಪ ಬೆಲ್ಟಿನ ಮೇಲೆ ಕೈಯಿಟ್ಟುಕೊಂಡು ತಮ್ಮ ಕಾರ್ಡನ್ನೂ ವಸಂತಿಯ ಕಾರ್ಡನ್ನೂ ಪಕ್ಕಪಕ್ಕದಲ್ಲಿ ಹಿಡಿದು ನೋಡಿದರು.

"ಎರಡೂ ಒಂದೇ ಉಂಟಲ್ಲ."

"ಹೌದು. ಅವಳದ್ದು ಅರ್ಧ ನಿಮ್ಮಿಂದ ಬಂದದ್ದು."

"ನನ್ನಿಂದ?" ಅಪ್ಪ ನಂಬದವರಂತೆ ಕೇಳಿದರು. "ಹಾಗಾದ್ರೆ ನಿನ್ನದು?"

"ನಿಮ್ಮಲ್ಲಿ ಎರಡೂ ದುರ್ಬಲ ಅಲ್ವಾ, ಹಾಗಾಗಿ ನನ್ನ ದುರ್ಬಲ ಪಾಲೂ ನಿಮ್ಮದೇ. ಗಟ್ಟಿ ಇರುವುದು ಅಮ್ಮನದ್ದು."

ಬರಿ, ಮನೆ, ಹೆಸರು, ಗದ್ದೆ, ದೈವ, ಎಲ್ಲವೂ ನಮಗೆ ಅಮ್ಮನ ಕಡೆಯಿಂದ ಬಂದಿತ್ತು. ಅಪ್ಪನಿಂದ ನಮಗೆ ಏನಾದರೂ ಬಂದಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅವರ ಮುಖ ಅರಳಿತು.

"ಕೊಟ್ಟದ್ದು ಕೊಟ್ಟಿರಿ, ಒಳ್ಳೆಯದು ಎಂತಾದ್ರೂ ಕೊಡಬಹುದಿತ್ತು," ಎಂದರು ಅಮ್ಮ. ಹಾಗೆನ್ನುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ತಂತಿ ಬಂದ ದಿನ ಪಿಂಟೊ ಅವರನ್ನು ಹುಡುಕಿಕೊಂಡು ಚಪ್ಪಲಿಯಿಲ್ಲದೆ ಓಡಿದವರು ಅಮ್ಮನೇ ಎಂದು ವಸಂತಿ ಆಮೇಲೆ ನನಗೆ ಹೇಳಿದಳು.

ಆಪರೇಷನ್ ಪಿಂಟೊ ಅವರ ಆಸ್ಪತ್ರೆಯಲ್ಲಾಯಿತು. ಬೇರೆ ಮದ್ದು ಕೊಟ್ಟರು. ಪಿಂಟೊ ಹೇಳಿದ ಹೊತ್ತಿಗೆ ಸರಿಯಾಗಿ ಅಪ್ಪ ಉಸಿರಾಡಿ, ಕಣ್ಣು ಬಿಟ್ಟು, ಬೆಲ್ಟ್ ಎಲ್ಲಿ ಎಂದು ಕೇಳಿದರು. ನಾನು ಅದನ್ನು ಬಿಸಾಡಿಯಾಗಿತ್ತು.

ತೊಕ್ಕೊಟ್ಟಿನ ಕಡವು

ಅಪ್ಪ ಚೇತರಿಸಿಕೊಂಡ ಮೇಲೆ ಒಂದು ಭಾನುವಾರ ನಾವಿಬ್ಬರೂ ತೊಕ್ಕೊಟ್ಟಿಗೆ ಹೊರಟೆವು. ಅವರ ಅಕ್ಕ, ಅಕ್ಕನ ಮಕ್ಕಳು, ಎಲ್ಲರ ರಕ್ತವನ್ನೂ ನೋಡಿಸಬೇಕಿತ್ತು. ನೇತ್ರಾವತಿಗೆ ಮೋಟಾರಿನ ಸೇತುವೆ ಆಗ ಇನ್ನೂ ಮುಗಿದಿರಲಿಲ್ಲ, ಕಡವಿನಲ್ಲಿ ದೋಣಿ ಹತ್ತಿಯೇ ದಾಟಬೇಕು. ಅಪ್ಪ ನಾಲ್ಕು ಸಲ ಅಂಗಿಯ ಜೇಬು ಮುಟ್ಟಿ ಕಾರ್ಡು ಇದೆಯೇ ಎಂದು ನೋಡಿಕೊಂಡರು.

ದೋಣಿಯವನು ಹೊಸಬ. ನಡು ಹೊಳೆಗೆ ಬಂದಾಗ ಹುಟ್ಟು ಹಾಕುತ್ತಲೇ, ನಮ್ಮೂರಿನವರು ಕೇಳುವ ಹಾಗೆಯೇ, ನನ್ನ ಕಡೆ ಗಲ್ಲ ಎತ್ತಿ ಅಪ್ಪನನ್ನು ಕೇಳಿದ:

"ಇವರು ಯಾರು? ಎಲ್ಲಿಯವರು?"

ನಾನು ಬೊಟ್ಟುಮನೆಯ ಹೆಸರಿಗಾಗಿ ಕಾದೆ. ಅಪ್ಪ ಜೇಬಿನ ಮೇಲೆ ಕೈಯಿಟ್ಟು ನೆಟ್ಟಗೆ ಕುಳಿತರು.

"ನನ್ನ ಮಗ," ಎಂದರು. "ಲಂಡನ್ನಿನಲ್ಲಿ ಪರೀಕ್ಷೆ ಮಾಡಿಸಿ ಆಗಿದೆ."